ಕೆಂಪು ಗೆರೆ ಹೊಡೆಯುವ ಮೊದಲು

(ಶಾಲೆಯ ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ನನ್ನನ್ನು ಕರೆದಾಗ, "ಅಕ್ಕಾರ, ಶಿಕ್ಷಣದ ಬಗ್ಗೆ ನಾಕು ಮಾತು ಹೇಳ್ರಿ" ಅಂದರು. ದೊಡ್ಡ ವಿಷಯ ನನಗೆ ಬರುವುದಿಲ್ಲ. 35 ವರ್ಷ ನಾನು ಪ್ರಾಥಮಿಕ ಶಾಲೆಯಲ್ಲಿ, ಅದರಲ್ಲೂ ಹೆಚ್ಚು ಕಾಲ ಒಂದರಿಂದ ಮೂರನೆಯ ತರಗತಿಯ ಮಕ್ಕಳ ಜೊತೆ ಕಳೆದವಳು. ಆದ್ದರಿಂದ ಇವತ್ತು ಕ ಖ ಗ ಘ ಬಗ್ಗೆ ಮಾತಾಡುತ್ತೇನೆ. ಹೈಸ್ಕೂಲಿನ ಸಮಾರಂಭದಲ್ಲಿ ಇದೇನು ಬಾಲಭಾಷೆ ಎಂದು ನಗಬೇಡಿ. ಇಲ್ಲಿಯ ಶಿಕ್ಷಕರನ್ನು ಕೇಳಿರಿ. ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ ಒತ್ತಕ್ಷರ ಬಂದ ಕೂಡಲೇ ತಡವರಿಸಿ ನಿಲ್ಲುವವರು ಪ್ರತಿ ವರ್ಷ ಇರುತ್ತಾರೆ. ಹೈಸ್ಕೂಲಿನವರು ಪ್ರಾಥಮಿಕ ಶಾಲೆಯತ್ತ ಬೆರಳು ತೋರಿಸುತ್ತಾರೆ, ಪ್ರಾಥಮಿಕದವರು ಮನೆಯತ್ತ ತೋರಿಸುತ್ತಾರೆ, ಮನೆಯವರು ಮಗುವಿನ ಹಣೆಬರಹ ಅನ್ನುತ್ತಾರೆ. ಈ ಮೂವರ ನಡುವೆ ಮಗು ಬಾಯಿ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂಡುತ್ತದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ನೌಕರಿಗೆ ಸೇರಿ ಕೆಲವು ವರ್ಷ ಆಗಿತ್ತು. ಎರಡನೆಯ ತರಗತಿಯ ಮಕ್ಕಳಿಗೆ "ನಿಮ್ಮ ಮನೆಯ ಬಗ್ಗೆ ಒಂದು ಸಾಲು ಬರೀರಿ" ಎಂದೆ. ಒಬ್ಬ ಹುಡುಗ ಪಾಟಿಯ ಮೇಲೆ ಬರೆದು ನೋಡಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದ: "ನಮ್ಮ ಮನಿ ಸಾಲಿ ಹಿಂದ ಐತಿ." ಐದು ಶಬ್ದ. ನಾನು ಕೆಂಪು ಪೆನ್ನು ತೆಗೆದು ಮನಿ, ಸಾಲಿ, ಹಿಂದ, ಐತಿ ಎಂಬ ನಾಲ್ಕಕ್ಕೂ ಗೆರೆ ಹೊಡೆದೆ. ಉಳಿದದ್ದು "ನಮ್ಮ" ಒಂದೇ. ಪ್ರತಿಯೊಂದು ಶಬ್ದವನ್ನೂ ಹತ್ತು ಹತ್ತು ಸಲ ಬರೆದುಕೊಂಡು ಬಾ ಎಂದೆ. ಹೀಗೆ ಒಂದು ದಿನ ಅಲ್ಲ, ತಿಂಗಳುಗಟ್ಟಲೆ ನಡೆಯಿತು.

ಒಂದು ದಿನ ಆ ಹುಡುಗನ ಅಜ್ಜಿ ಶಾಲೆಗೆ ಬಂದಳು. ಹೊಲಕ್ಕೆ ಹೋಗುವ ಹಾದಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕಾರ, ನಮ್ಮ ಹುಡುಗ ಮನ್ಯಾಗ ಮಾತಾಡೂದ ಕಡಿಮಿ ಮಾಡ್ಯಾನ್ರಿ. ನಾ 'ಮನಿಗೆ ನಡಿಯೋ' ಅಂದ್ರ, 'ಆಯೀ, ಹಂಗನ್ನಬ್ಯಾಡ, ಅದು ತಪ್ಪು' ಅಂತಾನ. ನಾವು ಮಾತಾಡೂದೆಲ್ಲಾ ತಪ್ಪೇನ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ತವರು ಎಂದು ಅದೇ ವಾರ ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿದ್ದೆ. ಆ ಸೀಮೆಯ ಅಜ್ಜಿಯ ಕನ್ನಡ ತಪ್ಪು ಎಂದು ಅವಳ ಮೊಮ್ಮಗನಿಗೆ ಕಲಿಸಿದವಳೂ ನಾನೇ.

ಆ ರಾತ್ರಿ ಹುಡುಗನ ನೋಟ್‌ಬುಕ್ಕು ಮತ್ತೆ ತೆಗೆದು ನೋಡಿದೆ. ಆಗ ಕಂಡದ್ದು ಬೇರೆ. ಅವನು "ನಮ್ಮ" ಎಂಬಲ್ಲಿ ಮ-ಕ್ಕೆ ಮ ಒತ್ತು ಸರಿಯಾಗಿ ಕೊಟ್ಟಿದ್ದ. ಅದು ಸುಲಭದ ಒತ್ತಲ್ಲ. "ಐತಿ" ಎಂಬಲ್ಲಿ ಐ ಅಕ್ಷರವನ್ನು ಸರಿಯಾಗಿ ಬರೆದಿದ್ದ. ಮನಿ, ಸಾಲಿ ಎಂದು ಮನೆಯವರ ಬಾಯಲ್ಲಿ ಕೇಳಿದ್ದನ್ನು ಒಂದು ಧ್ವನಿಯೂ ಬಿಡದಂತೆ ಅಕ್ಷರಕ್ಕೆ ಇಳಿಸಿದ್ದ. ಕೇಳಿದ ಧ್ವನಿಗೆ ತಕ್ಕ ಅಕ್ಷರ ಹುಡುಕುವುದೇ ಬರವಣಿಗೆಯ ಮೊದಲ ವಿದ್ಯೆ. ಅದು ಅವನಿಗೆ ಬಂದಿತ್ತು. ಆ ವಿದ್ಯೆಗೇ ನಾನು ನಾಲ್ಕು ಗೆರೆ ಹೊಡೆದಿದ್ದೆ.

ಅಂದಿನಿಂದ ನಾನು ಮಕ್ಕಳ ತಪ್ಪುಗಳನ್ನು ಬೇರೆ ಬೇರೆ ಮಾಡಿ ನೋಡತೊಡಗಿದೆ. ಹೆಚ್ಚಿನವು ಮೂರು ಗುಂಪಿನಲ್ಲಿ ಬರುತ್ತವೆ. ಕಿವಿಯ ತಪ್ಪು, ಕಣ್ಣಿನ ತಪ್ಪು, ಕೈಯ ತಪ್ಪು. ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಹತ್ತು ಸಲ ಬರೆಸುವುದು ಅಂತೂ ಯಾವುದಕ್ಕೂ ಪೂರಾ ಮದ್ದಲ್ಲ. ತಪ್ಪಾಗಿ ತಿಳಿದ ಮಗು ಹತ್ತು ಸಲ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಮೊದಲು ಕಿವಿ. ನಮ್ಮ ಕಡೆ ಮನೆ ಎಂಬುದು ಮನಿ, ಎಲೆ ಎಂಬುದು ಎಲಿ, ಶಾಲೆ ಎಂಬುದು ಸಾಲಿ. ಎಲ್ಲಿ ಎನ್ನುವುದು ಬಾಯಲ್ಲಿ ಯೆಲ್ಲಿ ಆಗುತ್ತದೆ, ಒಂದು ಎನ್ನುವುದು ವಂದು ಆಗುತ್ತದೆ. ಮಗು ಹಾಗೇ ಬರೆಯುತ್ತದೆ. ಇದನ್ನು ತಪ್ಪು ಎನ್ನುವ ಬದಲು ಹಲಗೆಯ ಮೇಲೆ ಎರಡು ಸಾಲು ಮಾಡಿದೆ. ಒಂದಕ್ಕೆ "ಮನೆಯ ಮಾತು", ಇನ್ನೊಂದಕ್ಕೆ "ಪುಸ್ತಕದ ಮಾತು" ಎಂದು ಹೆಸರು. ಮನಿ ಎಂದು ಮಗು ಹೇಳಿದರೆ ಮೊದಲನೆಯ ಸಾಲಿನಲ್ಲಿ ಬರೆದು, ಪುಸ್ತಕದಲ್ಲಿ ಇದು ಹೇಗೆ ಇರುತ್ತದೆ ಎಂದು ಕೇಳುತ್ತಿದ್ದೆ. ಎರಡೂ ಹಲಗೆಯ ಮೇಲೆ ಇರುತ್ತಿದ್ದವು, ಯಾವುದನ್ನೂ ಒರೆಸುತ್ತಿರಲಿಲ್ಲ.

ಇದರಿಂದ ಇನ್ನೊಂದು ಲಾಭವಾಯಿತು. ಕೆಂಪು ಗೆರೆಗೆ ಹೆದರಿದ ಮಕ್ಕಳು ಕಡೆಯಲ್ಲಿ ಇಕಾರ ಕಂಡಲ್ಲೆಲ್ಲ ಎಕಾರ ಮಾಡುತ್ತಿದ್ದರು. ಕುರಿಯನ್ನು ಕುರೆ, ಹುಲಿಯನ್ನು ಹುಲೆ ಎಂದು ಬರೆಯುತ್ತಿದ್ದರು. ಎರಡು ಸಾಲು ಎದುರಿಗೆ ಇಟ್ಟಾಗ ಮಕ್ಕಳೇ ಕಂಡುಹಿಡಿದರು: ಮನಿ ಬದಲಾಗುತ್ತದೆ, ಕುರಿ ಎರಡೂ ಕಡೆ ಕುರಿಯೇ. ಹಾಗೆ ತಾವೇ ಕಂಡುಹಿಡಿದದ್ದನ್ನು ಮಕ್ಕಳು ಮರೆಯುವುದಿಲ್ಲ.

ಕಿವಿಗೆ ಅತಿ ಕಠಿಣವಾದದ್ದು ಮಹಾಪ್ರಾಣ. ನಮ್ಮ ವರ್ಣಮಾಲೆಯ 34 ವ್ಯಂಜನಗಳಲ್ಲಿ 25 ವರ್ಗೀಯ ವ್ಯಂಜನಗಳು, ಅವುಗಳಲ್ಲಿ 10 ಮಹಾಪ್ರಾಣಗಳು. ಅಚ್ಚಗನ್ನಡ ಮಾತುಗಳಲ್ಲಿ ಇವು ಅಪರೂಪ ಎಂಬುದನ್ನು 13ನೆಯ ಶತಮಾನದ ಕೇಶಿರಾಜನೇ ಗುರುತಿಸಿದ್ದಾನೆ. ನಮ್ಮ ಕಾಲದಲ್ಲಿ ಭಾಷಾವಿದ್ವಾಂಸರಾದ ಡಿ. ಎನ್. ಶಂಕರ ಬಟ್ಟರು ಈ ಅಕ್ಷರಗಳನ್ನು ಬರಹದಿಂದಲೇ ಕೈಬಿಡಬಹುದು ಎಂದು ವಾದಿಸಿದರು. ಅದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ತರಗತಿಯಲ್ಲಿ ನಿಂತ ಶಿಕ್ಷಕಿಗೆ ತಿಳಿಯಬೇಕಾದದ್ದು ಇಷ್ಟು. ಮಹಾಪ್ರಾಣದಲ್ಲಿ ಮಗು ಎಡವಿದರೆ ಮಗು ದಡ್ಡ ಎಂದಲ್ಲ, ಆ ಧ್ವನಿ ಅದರ ಮನೆಮಾತಿನಲ್ಲಿ ಕಡಿಮೆ ಇದೆ ಎಂದು ಅರ್ಥ. ದೊಡ್ಡವರೂ ಎಡವುತ್ತೇವೆ. ಬ್ಯಾನರುಗಳ ಮೇಲೆ "ಹಾರ್ಧಿಕ ಸ್ವಾಗತ" ಎಂದು, ಅರ್ಜಿಗಳಲ್ಲಿ "ವಿಧ್ಯಾರ್ಥಿ" ಎಂದು ಬೇಡದ ಕಡೆ ಮಹಾಪ್ರಾಣ ಹಾಕಿದ್ದನ್ನು ನೀವೆಲ್ಲ ನೋಡಿದ್ದೀರಿ. ಇವತ್ತು ಒಳಗೆ ಬರುವಾಗ ನಮ್ಮ ಬ್ಯಾನರನ್ನೂ ನೋಡಿದೆ. ಸರಿಯಾಗಿದೆ, ಸಮಿತಿಯವರು ಗಾಬರಿ ಆಗುವುದು ಬೇಡ.

ಕಡಿಮೆ ಎಂದೆ, ಇಲ್ಲವೇ ಇಲ್ಲ ಎಂದಲ್ಲ. ನಮ್ಮ ಧಾರವಾಡ ಸೀಮೆಯ ಬಾಯಲ್ಲಿ ಎಷ್ಟೋ ಮಹಾಪ್ರಾಣಗಳು ಆಗಲೇ ಕುಳಿತಿವೆ. ನಾವು ಖರೆ ಅನ್ನುತ್ತೇವೆ, ಖೋಲಿ ಅನ್ನುತ್ತೇವೆ, ಹಲಗೆಯ ಮೇಲೆ ಬರೆಯುವುದಕ್ಕೆ ಖಡು ಅನ್ನುತ್ತೇವೆ. ಬಹಳ ಎಂಬುದನ್ನು ಭಾಳ ಅನ್ನುತ್ತೇವೆ. ಈ ಭಾಳ ನನಗೆ ದೊಡ್ಡ ಪಾಠ ಕಲಿಸಿತು. ಬಹಳ ಎಂದು ನಿಧಾನ ಹೇಳಿರಿ. ಆಮೇಲೆ ಬೇಗ ಬೇಗ ಹೇಳಿರಿ. ಬ ಮತ್ತು ಹ ಕೂಡಿಕೊಂಡು ಭ ಆಗುತ್ತದೆ. ಮಹಾಪ್ರಾಣ ಅಂದರೆ ಅಕ್ಷರದ ಬೆನ್ನಿಗೆ ಹತ್ತಿದ ಉಸಿರು ಎಂದು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಕರಣವೂ ಏಳು ವರ್ಷದ ಮಗುವಿಗೆ ತಿಳಿಸಲಾರದು.

ನಮ್ಮದು ಹತ್ತಿ ಬೆಳೆಯುವ ಎರೆ ಭೂಮಿ. ಒಂದು ಎಳೆ ಹತ್ತಿಯನ್ನು ಮಗುವಿನ ಅಂಗೈಯಲ್ಲಿಟ್ಟು, ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಕ ಎನ್ನು, ಈಗ ಖ ಎನ್ನು ಎಂದು ಹೇಳುತ್ತಿದ್ದೆ. ಖ ಅಂದಾಗ ಹತ್ತಿ ಹಾರಬೇಕು. ಹತ್ತಿ ಹಾರಿಸುವ ಆಟದಲ್ಲಿ ಮಕ್ಕಳಿಗೆ ಪಾಠ ಎಂಬ ನೆನಪೂ ಇರುತ್ತಿರಲಿಲ್ಲ. ಆಮೇಲೆ ಅರ್ಥಕ್ಕೆ ಬರುತ್ತಿದ್ದೆವು. ದನ ಎಂದರೆ ಹಟ್ಟಿಯಲ್ಲಿರುವುದು, ಧನ ಎಂದರೆ ಪೆಟ್ಟಿಗೆಯಲ್ಲಿರುವುದು. ಒಬ್ಬ ಹುಡುಗಿ ಹೇಳಿದಳು, "ಅಕ್ಕಾರ, ನಮ್ಮ ಮನ್ಯಾಗ ಹತ್ತಿ ಹಾರದ್ದು ಐತ್ರಿ, ಹತ್ತಿ ಹಾರೂದು ಇಲ್ರಿ."

ಉಳಿದ ಧ್ವನಿಗಳಿಗೂ ಮೈಯನ್ನೇ ಸಾಕ್ಷಿ ಮಾಡಬಹುದು. ಗಂಟಲ ಮೇಲೆ ಬೆರಳಿಟ್ಟು ಸ್ ಎಂದು ಎಳೆದರೆ ಬೆರಳಿಗೆ ಏನೂ ತಿಳಿಯದು. ಮ್ ಎಂದು ಎಳೆದರೆ ಗಂಟಲು ಗುಂಯ್‌ಗುಡುತ್ತದೆ. ಕ ಮತ್ತು ಗ, ತ ಮತ್ತು ದ, ಪ ಮತ್ತು ಬ ನಡುವಿನ ಭೇದವೂ ಇದೇ ಗಂಟಲಿನ ಭೇದ. ಮೂಗು ಹಿಡಿದುಕೊಂಡು ಅಮ್ಮ ಎಂದರೆ ಅಬ್ಬ ಎಂದು ಕೇಳುತ್ತದೆ. ನೆಗಡಿಯಾದ ಮಗುವಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ನಮ್ಮ ಹಿರಿಯರು ವರ್ಗಗಳನ್ನು ಜೋಡಿಸಿದ್ದೂ ಬಾಯಿಯ ಹಾದಿಯಲ್ಲೇ: ಕ ವರ್ಗ ಗಂಟಲ ಹತ್ತಿರ, ಚ ವರ್ಗ ಅಂಗುಳದಲ್ಲಿ, ಟ ವರ್ಗಕ್ಕೆ ನಾಲಗೆ ಮಡಚಬೇಕು, ತ ವರ್ಗಕ್ಕೆ ಹಲ್ಲು ಮುಟ್ಟಬೇಕು, ಪ ವರ್ಗಕ್ಕೆ ತುಟಿ ಕೂಡಬೇಕು. ಒಳಗಿನಿಂದ ಹೊರಗೆ ಬರುವ ಈ ಹಾದಿಯನ್ನು ನಾವು ಬರೀ ಬಾಯಿಪಾಠ ಮಾಡಿಸಿಬಿಟ್ಟೆವು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತರು. ಮೊದಲು ಕೇಳುವುದು, ಆಮೇಲೆ ಕಂಠಕ್ಕೆ ತರುವುದು. ಅಕ್ಷರಕ್ಕೂ ಅದೇ ಕ್ರಮ.

ಎರಡನೆಯದು ಕಣ್ಣಿನ ತಪ್ಪು. ಧ್ವನಿ ಸರಿಯಾಗಿ ಗೊತ್ತಿದ್ದರೂ ಆಕಾರ ಕಂಡು ಮಗು ಮೋಸ ಹೋಗುತ್ತದೆ. ವ, ಮ, ಪ, ಷ ಒಂದರಂತೆ ಒಂದು. ರ-ದೊಳಗೆ ಚುಕ್ಕಿ ಇಟ್ಟರೆ ಠ, ಧ-ದೊಳಗೆ ಚುಕ್ಕಿ ಇಟ್ಟರೆ ಥ. ಮಹಾಪ್ರಾಣಗಳಲ್ಲಿ ಐದು ಜೋಡಿಗೆ, ಅಂದರೆ ಚ-ಛ, ಡ-ಢ, ದ-ಧ, ಪ-ಫ, ಬ-ಭ ಇವುಗಳಿಗೆ, ಕೆಳಗಿನ ಒಂದು ಸಣ್ಣ ಗೀಟೇ ಭೇದ. ಉಳಿದ ಐದು ಜೋಡಿ, ಕ-ಖ, ಗ-ಘ, ಜ-ಝ, ಟ-ಠ, ತ-ಥ, ಬೇರೆ ಬೇರೆ ಆಕಾರದವು. ಇದನ್ನು ಎರಡು ಗುಂಪು ಮಾಡಿ ಹೇಳಿದರೆ ಹತ್ತು ಅಕ್ಷರದ ಭಾರ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಬಾಯಿಪಾಠದಿಂದ ಉಪಯೋಗವಿಲ್ಲ. ಉಸುಕಿನಲ್ಲಿ ಬೆರಳಿನಿಂದ ತಿದ್ದಿಸಬೇಕು, ಎರಡು ಅಕ್ಷರ ಪಕ್ಕದಲ್ಲಿಟ್ಟು ಎಲ್ಲಿ ಬೇರೆ ಎಂದು ಮಗುವಿನಿಂದಲೇ ತೋರಿಸಬೇಕು.

ನಲಿ-ಕಲಿ ಬಂದಾಗ ಊರಿನವರು ನನ್ನನ್ನು ಬೈದದ್ದು ನೆನಪಿದೆ. "ಅಂಕಲಿಪಿಯೊಳಗ ಅ ಆ ಇ ಈ ಮೊದಲ ಐತಿ, ನೀವು ರ ಗ ಸ ಅಂತೀರಿ, ಇದ್ಯಾವ ಸಾಲಿರಿ" ಎಂದು. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಯಲ್ಲಿ ಸಣ್ಣದಾಗಿ ಶುರುವಾಗಿ, 2009-10ರಲ್ಲಿ ನಮ್ಮ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಈ ಐದು ಬಂದರೆ ಒಂದು ಕಾಗುಣಿತದ ಚಿಹ್ನೆಯೂ ಇಲ್ಲದೆ ಸರ, ರಸ, ಅಗಸ, ಅರಸ, ಗರಗಸ ಓದಬಹುದು. ಮುಂದಿನ ಐದು ಜ, ವ, ಮ, ಬ, ನ. ಈಗ ಮಗು ಮರ, ಜನ, ನಗರ ಓದುತ್ತದೆ, ಬಸವ ಎಂದು ಬರೆಯುತ್ತದೆ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಓದು ಬಂತು ಎಂಬ ಸಂತೋಷ ಅದಕ್ಕೆ ಸಿಗುತ್ತದೆ. ವರ್ಣಮಾಲೆಯ ಕ್ರಮ ಆಮೇಲೆ ಕಲಿಯಲು ಬೇಕಾದಷ್ಟು ದಿನ ಇದೆ.

ಮೂರನೆಯದು ಕೈಯ ತಪ್ಪು, ಅಂದರೆ ಕಾಗುಣಿತ ಮತ್ತು ಒತ್ತಕ್ಷರ. ಒಂದು ವ್ಯಂಜನಕ್ಕೆ ಕ, ಕಾ, ಕಿ, ಕೀ ಎಂದು 15 ರೂಪ. 34 ವ್ಯಂಜನಕ್ಕೆ 510. ಮಗುವಿಗೆ ಇದು 510 ಹೊಸ ಚಿತ್ರ ಎಂದು ಕಂಡರೆ ಅದು ಕೈ ಚೆಲ್ಲಿ ಕೂಡುತ್ತದೆ. ಚಿಹ್ನೆಗಳು ಹದಿನಾಲ್ಕೇ, ಅವೇ ಎಲ್ಲ ಕಡೆ ಬರುತ್ತವೆ ಎಂದು ತೋರಿಸಬೇಕು. ಒತ್ತಕ್ಷರಕ್ಕೂ ಹಾಗೇ ಒಂದು ಕೀಲಿ ಇದೆ. ಹೆಚ್ಚಿನ ಅಕ್ಷರಗಳು ಒತ್ತಾದಾಗ ತಲೆಕಟ್ಟು ಬಿಟ್ಟು ಸಣ್ಣದಾಗಿ ಕೆಳಗೆ ಕೂಡುತ್ತವೆ. ಅಕ್ಕ, ಅಜ್ಜ, ಹಬ್ಬ, ಹಳ್ಳ ನೋಡಿರಿ. ವೇಷ ಬದಲಿಸುವವು ಆರು: ತ, ನ, ಮ, ಯ, ರ, ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಈ ಆರನ್ನು ಬೇರೆ ತೆಗೆದು ಚೆನ್ನಾಗಿ ಕಲಿಸಿದರೆ ಉಳಿದವು ತಾವೇ ಬರುತ್ತವೆ. ಇನ್ನು ಅರ್ಕಾವೊತ್ತು. ಬಾಯಲ್ಲಿ ಮೊದಲು, ಕೈಯಲ್ಲಿ ಕಡೆಗೆ. ಸರ್ಪ ಎನ್ನುವಾಗ ಮೊದಲು ರ್ ಕೇಳುತ್ತದೆ, ಆದರೆ ಬರೆಯುವಾಗ ಅದು ಪ-ದ ಬಲಕ್ಕೆ ಹೋಗಿ ಕೂಡುತ್ತದೆ. ಚಪ್ಪಾಳೆ ಹೊಡೆದು ಸರ್-ಪ ಎಂದು ಒಡೆದು ಹೇಳಿಸಿ, ಆಮೇಲೆ ಬರೆಸಬೇಕು.

ಇಷ್ಟೆಲ್ಲ ಕಲಿಸಲು ಪುಸ್ತಕ ಎಲ್ಲಿದೆ ಎಂದು ಕೇಳಿದರೆ, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿದೆ ಎನ್ನುತ್ತೇನೆ.

ಆ ಹುಡುಗ ತರಗತಿಯಲ್ಲಿ ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದ. ಪುಸ್ತಕ ಕೊಟ್ಟರೆ ತಲೆ ತಗ್ಗಿಸುತ್ತಿದ್ದ. ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದೆ, ಅವನೂ ಅಜ್ಜಿಯ ಜೊತೆ ಇದ್ದ. ದೂರದಿಂದ ಬಸ್ಸು ಕಂಡ ಕೂಡಲೇ "ಆಯೀ, ನವಲಗುಂದ ಬಸ್ಸು ಬಂತು" ಎಂದು ಕೂಗಿದ. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಬೋರ್ಡ್ ಓದಿದ್ನಿರಿ" ಎಂದ. ನಿಜ ಹೇಳಬೇಕೆಂದರೆ ಅವನು ಬೋರ್ಡಿನ ರೂಪ ಗುರುತಿಸಿದ್ದನೋ, ಅಕ್ಷರ ಓದಿದ್ದನೋ ನನಗೆ ತಿಳಿಯಲಿಲ್ಲ. ಮರುದಿನ ಹಲಗೆಯ ಮೇಲೆ ಬಸ್ಸಿನ ಚಿತ್ರ ಬರೆದು ಬೋರ್ಡಿನಲ್ಲಿ ನವಲಗುಂದ ಎಂದು ಬರೆದೆ. ಒಂದೊಂದೇ ಅಕ್ಷರ ಕೈಯಿಂದ ಮುಚ್ಚಿ ಕೇಳಿದೆ. ಅವನು ಓದಿದ. ಆಮೇಲೆ ಅಣ್ಣಿಗೇರಿ ಬರೆದೆ, ಅದರಲ್ಲಿ ಣ್ಣ ಇದೆ. ಹುಬ್ಬಳ್ಳಿಯಲ್ಲಿ ಎರಡು ಒತ್ತು. ಧಾರವಾಡದಲ್ಲಿ ಧ, ಕಲಘಟಗಿಯಲ್ಲಿ ಘ. ನವಲಗುಂದದ ಜಮಖಾನದಲ್ಲಿ ಖ ಇದೆ, ಕಲಘಟಗಿಯ ತೊಟ್ಟಿಲಲ್ಲಿ ಟ್ಟ ಇದೆ, ಮಲಪ್ರಭೆಯಲ್ಲಿ ಪ್ರ ಮತ್ತು ಭ ಎರಡೂ ಇವೆ. ಕಡೆಗೆ ಬಸ್ಸಿನ ಮೈಮೇಲಿನ ಸಾಲು: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಇದೊಂದು ಸಾಲಿನಲ್ಲಿ ವ್ಯ ಇದೆ, ಅರ್ಕಾವೊತ್ತು ಇದೆ, ಅನುಸ್ವಾರ ಇದೆ. ರಸ್ತೆಯ ಸ್ತೆ, ಸಂಸ್ಥೆಯ ಸ್ಥೆ ಎದುರುಬದುರು ಕುಳಿತು ಅಲ್ಪಪ್ರಾಣ ಮಹಾಪ್ರಾಣದ ಪಾಠ ಹೇಳುತ್ತವೆ. ಮಗು ಇದನ್ನು ಪ್ರತಿದಿನ ನೋಡುತ್ತದೆ. ಅದನ್ನು ಓದಬಹುದು ಎಂದು ನಾವು ಅದಕ್ಕೆ ಹೇಳಿರಲಿಲ್ಲ ಅಷ್ಟೇ.

ಆ ಹುಡುಗ ಮತ್ತೆ ಗಟ್ಟಿಯಾಗಿ ಓದಲು ಸುಮಾರು ಒಂದು ವರ್ಷ ಹಿಡಿಯಿತು. ಮುಂದೆ ಇದೇ ಹೈಸ್ಕೂಲಿನಲ್ಲಿ ಹತ್ತನೆಯತ್ತ ಪಾಸಾದ. ಅದು ನನ್ನ ಹೆಗ್ಗಳಿಕೆ ಅಲ್ಲ. ಅವನಿಗಿಂತ ಮುಂಚೆ ನನ್ನ ಕೆಂಪು ಗೆರೆ ತಿಂದ ಮಕ್ಕಳೂ ಇದ್ದರು. ಅವರ ಅಜ್ಜಿಯರು ಬುಟ್ಟಿ ಹೊತ್ತು ಬಂದು ನನ್ನನ್ನು ಕೇಳಲಿಲ್ಲ. ಅವರಲ್ಲಿ ಕೆಲವರು ಏಳನೆಯತ್ತ ಮುಟ್ಟುವ ಮೊದಲೇ ಶಾಲೆ ಬಿಟ್ಟರು. ಎಲ್ಲದಕ್ಕೂ ನಾನೇ ಕಾರಣ ಎಂದು ಹೇಳುವುದಿಲ್ಲ, ಬಡತನ ಇತ್ತು, ಗುಳೆ ಇತ್ತು. ಆದರೂ ಅವರ ನೋಟ್‌ಬುಕ್ಕುಗಳು ಈಗಲೂ ನೆನಪಿಗೆ ಬರುತ್ತವೆ.

ಹೈಸ್ಕೂಲಿನ ಶಿಕ್ಷಕ ಬಂಧುಗಳಿಗೆ ಒಂದು ವಿನಂತಿ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಎರಡನೆಯ, ಮೂರನೆಯ ತರಗತಿಯಲ್ಲಿದ್ದ ಮಕ್ಕಳು ಇತ್ತೀಚೆಗೆ ನಿಮ್ಮ ಬಾಗಿಲಿಗೆ ಬಂದವರು. ಒತ್ತಕ್ಷರ ಕಲಿಯಬೇಕಾದ ಹೊತ್ತಿನಲ್ಲೇ ಅವರ ಶಾಲೆಗೆ ಕೀಲಿ ಬಿದ್ದಿತ್ತು. ಓದಲು ಬಾರದವರನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ. ಹದಿಮೂರು ವರ್ಷದ ಹುಡುಗನಿಗೆ ಅಂಕಲಿಪಿ ಕೊಟ್ಟರೆ ಅವಮಾನ. ಅವನಿಗೆ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಪಹಣಿ ಉತಾರ, ಪತ್ರಿಕೆಯ ತಲೆಬರಹ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು. ತಪ್ಪು ಕಂಡರೆ ಕಿವಿಯದೋ, ಕಣ್ಣಿನದೋ, ಕೈಯದೋ ಎಂದು ನೋಡಿ, ಆಮೇಲೆ ಪೆನ್ನು ತೆಗೆಯಿರಿ.

ತಾಯಂದಿರೇ, ಅಪ್ಪಂದಿರೇ, ನಿಮಗೆ ಓದು ಬಾರದಿದ್ದರೂ ನೀವು ಮಾಡುವ ಕೆಲಸ ಇದೆ. ಮಗು ದಿನಾ ಐದು ನಿಮಿಷ ನಿಮ್ಮ ಮುಂದೆ ಗಟ್ಟಿಯಾಗಿ ಓದಲಿ, ರೊಟ್ಟಿ ಬಡಿಯುತ್ತಲೇ ಕೇಳಿರಿ. ಸಂತೆಯ ಚೀಟಿ ಅದರ ಕೈಯಿಂದ ಬರೆಸಿರಿ. ಉಳ್ಳಾಗಡ್ಡಿ ಎಂದು ಬರೆಯಲು ಬಂದರೆ ಎರಡು ಒತ್ತಕ್ಷರ ಬಂದ ಹಾಗೆ. ಇವಗ ಇಷ್ಟೂ ಬರೂದಿಲ್ಲ ಎಂದು ನೆರೆಯವರ ಮುಂದೆ ಅನ್ನಬೇಡಿ. ನಿಮ್ಮ ಮಾತು ತಪ್ಪು ಎಂದು ಯಾರಾದರೂ ಮಗುವಿಗೆ ಕಲಿಸಿದರೆ ಆ ಅಜ್ಜಿಯ ಹಾಗೆ ಶಾಲೆಗೆ ಬಂದು ಕೇಳಿರಿ.

ಆ ಅಜ್ಜಿಗೆ ಅಂದು ಉತ್ತರ ಕೊಡಲಿಲ್ಲ ಎಂದೆನಲ್ಲ, ಕೆಲವು ತಿಂಗಳ ಮೇಲೆ ಅವಳ ಮನೆಗೇ ಹೋಗಿ ಹೇಳಿಬಂದೆ. "ಆಯೀ, ನಿಮ್ಮ ಮಾತು ತಪ್ಪಲ್ಲರಿ. ನಿಮ್ಮ ಮಾತು ಗೊತ್ತಿದ್ದದ್ದಕ್ಕ ಅಂವಗ ಪುಸ್ತಕದ ಮಾತು ಬಂತು." ಅವಳು ಚಹಾ ಕೊಟ್ಟು, "ಅದನ್ನ ಅಂವಗ ಹೇಳ್ರಿ" ಅಂದಳು. ಹೇಳಿದೆ. ಇವತ್ತು ನಿಮಗೆಲ್ಲರಿಗೂ ಹೇಳಿದ್ದೇನೆ.